ಗಾಳಿಗೊಬ್ಬ ನೀರುಗಂಟಿ

ಮನೆಯಲ್ಲಿ ಇಂಟರ್‌ನೆಟ್ ನಿಧಾನವಾಯಿತೆಂದರೆ ಮೊದಲು ಬೈಗುಳ ತಿನ್ನುವುದು ತಂತಿ ಎಳೆದುಕೊಟ್ಟ ಕಂಪನಿ. ಎರಡನೆಯದು, ಮೂಲೆಯಲ್ಲಿ ಹಸಿರು ದೀಪ ಮಿಟುಕಿಸುತ್ತ ಕುಳಿತ ಪುಟ್ಟ ವೈಫೈ ಪೆಟ್ಟಿಗೆ. ಮೂರನೆಯ ಸರದಿ, ಆ ಹೊತ್ತಿನಲ್ಲಿ ಯಾರ ಕೈಯಲ್ಲಿ ಮೊಬೈಲ್ ಇರುತ್ತದೋ ಆ ಮಗುವಿನದು. 'ಆ ಆಟ ನಿಲ್ಲಿಸು, ಅಕ್ಕನಿಗೆ ಪರೀಕ್ಷೆ ಇದೆ' ಎಂಬ ಕೂಗು ಇವತ್ತು ಬಹಳಷ್ಟು ಮನೆಗಳಿಗೆ ಹೊಸದಲ್ಲ. ಆಟ ನಿಂತರೂ ಅಕ್ಕನ ಪಾಠದ ಚಿತ್ರ ಗಕ್ಕನೆ ನಿಂತಲ್ಲೇ ನಿಂತಿರುತ್ತದೆ. ಮೇಷ್ಟ್ರ ಬಾಯಿ ಅರ್ಧ ತೆರೆದಂತೆಯೇ ಇರುತ್ತದೆ. ಆಗ ಅಪ್ಪ ಒಂದು ತೀರ್ಮಾನಕ್ಕೆ ಬರುತ್ತಾರೆ: ಪೆಟ್ಟಿಗೆಗೆ ಶಕ್ತಿ ಸಾಲದು, ಇನ್ನೂ ನಾಲ್ಕು ಕೋಡಿರುವುದನ್ನು ತರಬೇಕು.

ಅಂಗಡಿಗೆ ಹೊರಡುವ ಮುಂಚೆ ಒಂದು ಸಂಗತಿ ಗಮನಿಸುವುದು ಒಳ್ಳೆಯದು. ಬೀದಿಯಿಂದ ಪೆಟ್ಟಿಗೆಯವರೆಗೆ ಬಂದ ತಂತಿ ಆ ಮನೆಯದು. ಪೆಟ್ಟಿಗೆಯಿಂದ ಮೊಬೈಲಿನವರೆಗಿನ ಹತ್ತು ಹೆಜ್ಜೆಯ ದಾರಿ ಮಾತ್ರ ಯಾರೊಬ್ಬರದೂ ಅಲ್ಲ. ಅದು ಕೇರಿಯ ನಲ್ಲಿಯಂತೆ ಎಲ್ಲರಿಗೂ ಸೇರಿದ್ದು. ಪಕ್ಕದ ಮನೆಯ ಪೆಟ್ಟಿಗೆ, ಮೇಲಿನ ಮಹಡಿಯ ಟಿ.ವಿ., ಎದುರಿನ ಅಂಗಡಿಯ ಕ್ಯಾಮೆರಾ, ಎಲ್ಲವೂ ಅದೇ ದಾರಿಯಲ್ಲಿ ಓಡಾಡುತ್ತವೆ. ಸ್ಥೂಲವಾಗಿ ಹೇಳುವುದಾದರೆ, ಒಂದು ಚಾನೆಲಿನಲ್ಲಿ ಒಂದು ಕ್ಷಣಕ್ಕೆ ಒಬ್ಬರೇ ಮಾತಾಡಬಹುದು. ಇಬ್ಬರು ಒಟ್ಟಿಗೆ ಬಾಯಿ ತೆರೆದರೆ ಇಬ್ಬರ ಮಾತೂ ಕೆಡುತ್ತದೆ. ಹೀಗೆ ಸರದಿಯ ಮೇಲೆ ಸಿಗುವ ಮಾತಿನ ಹೊತ್ತಿಗೆ ತಂತ್ರಜ್ಞರು 'ಏರ್‌ಟೈಮ್' ಎನ್ನುತ್ತಾರೆ. ರೇಡಿಯೊ ಅಲೆ ಸಾಗಲು ಗಾಳಿ ಬೇಕಿಲ್ಲ, ನಿಜ. ಆದರೂ ವಾಡಿಕೆಯಲ್ಲಿ ಅದು ಗಾಳಿಯ ಹೊತ್ತು. ತಿಂಗಳ ಬಾಡಿಗೆ ಕಟ್ಟಿ ಕೊಳ್ಳುವುದು ತಂತಿಯ ವೇಗವನ್ನು. ಗಾಳಿಯ ಹೊತ್ತನ್ನು ಕೊಳ್ಳಲು ಬರುವುದಿಲ್ಲ, ಹಂಚಿಕೊಳ್ಳಬೇಕು.

ಹಿಂದೆ ರೇಡಿಯೊ ಲೋಕದಲ್ಲಿ ಈ ಹಂಚಿಕೆಯ ತಲೆನೋವೇ ಇರಲಿಲ್ಲ. 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ 'ಆಕಾಶವಾಣಿ' ಆರಂಭಿಸಿದಾಗ, ಆ ಆಕಾಶದಲ್ಲಿ ಮಾತಾಡುವವರು ಬೆರಳೆಣಿಕೆಯಷ್ಟು. ಒಂದು ಕೇಂದ್ರಕ್ಕೆ ಒಂದು ಆವರ್ತನ, ಅದಕ್ಕೊಂದು ಸರ್ಕಾರಿ ಪರವಾನಗಿ. ಬೇರೆಯವರು ಅಲ್ಲಿಗೆ ಕಾಲಿಡುವಂತಿರಲಿಲ್ಲ. ಪರವಾನಗಿ ಇದ್ದವನು ಯಾರಿಗೂ ಕಾಯಬೇಕಿಲ್ಲ. ಇಲ್ಲದವನಿಗೆ ಮಾತೇ ಇಲ್ಲ.

1985ರಲ್ಲಿ ಅಮೆರಿಕದ ಸಂಪರ್ಕ ಆಯೋಗ ಕೆಲವು ಆವರ್ತನ ಪಟ್ಟಿಗಳನ್ನು ಪರವಾನಗಿಯಿಲ್ಲದೆಯೇ ದತ್ತಾಂಶ ಸಂಪರ್ಕಕ್ಕೆ ಬಳಸಲು ಬಿಟ್ಟಿತು. ಅದರಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಯೂ ಒಂದು. ಅಡುಗೆಮನೆಯ ಮೈಕ್ರೊವೇವ್ ಒಲೆ ಅನ್ನ ಬಿಸಿ ಮಾಡುವುದೂ ಇದೇ ಪಟ್ಟಿಯಲ್ಲಿ. ಅಂದರೆ, ಬೆಲೆಬಾಳುವ ಸೈಟುಗಳನ್ನೆಲ್ಲ ಹಂಚಿದ ಮೇಲೆ ಉಳಿದ ಗೋಮಾಳದಂಥ ಜಾಗ. 1997ರಲ್ಲಿ ವೈಫೈನ ಮೊದಲ ಮಾನಕ ಹೊರಬಂತು. ಭಾರತದಲ್ಲಿ ಈ ಪಟ್ಟಿ ಕಡಿಮೆ ಶಕ್ತಿಯ ಸಾಧನಗಳಿಗೆ ಮುಕ್ತವಾದದ್ದು 2005ರ ಜನವರಿಯಲ್ಲಿ. 2018ರಲ್ಲಿ 5 ಗಿಗಾಹರ್ಟ್ಸ್ ಪಟ್ಟಿಯ ಬಹುಭಾಗವೂ ಹಾಗೆಯೇ ಮುಕ್ತವಾಯಿತು. ಗೋಮಾಳದಲ್ಲಿ ದನ ಮೇಯಿಸಲು ಯಾರ ಅಪ್ಪಣೆಯೂ ಬೇಡ. ಆದರೆ ಊರಿನ ದನಗಳೆಲ್ಲ ಒಟ್ಟಿಗೆ ನುಗ್ಗಿದರೆ ಹುಲ್ಲು ಉಳಿಯುವುದು ಹೇಗೆ? ಒಡೆಯನಿಲ್ಲದ ಜಾಗದಲ್ಲಿ ನಿಯಮ ಮಾಡುವವರು ಯಾರು?

ಇದಕ್ಕೆ ಮೊದಲ ಉತ್ತರ ಹುಟ್ಟಿದ್ದು ಸಮುದ್ರದ ನಡುವೆ. ನಾರ್ಮನ್ ಅಬ್ರಾಮ್ಸನ್ ಎಂಬ ಪ್ರಾಧ್ಯಾಪಕರಿಗೆ ಅಲೆಗಳ ಮೇಲೆ ಹಲಗೆ ಹಾಕಿ ಜಾರುವ ಆಟದ ಹುಚ್ಚು. ಆ ಆಟಕ್ಕೆ ಹವಾಯಿ ದ್ವೀಪಗಳಿಗಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ ಎಂದು ಅವರು ಅಲ್ಲಿನ ವಿಶ್ವವಿದ್ಯಾಲಯಕ್ಕೇ ಕೆಲಸಕ್ಕೆ ಸೇರಿದರು. ಕಂಪ್ಯೂಟರ್ ಇದ್ದದ್ದು ಒಂದು ದ್ವೀಪದಲ್ಲಿ. ಅದನ್ನು ಬಳಸಬೇಕಾದವರು ಬೇರೆ ಬೇರೆ ದ್ವೀಪಗಳಲ್ಲೂ ಇದ್ದರು. ನಡುವೆ ಕಡಲು. ದೂರವಾಣಿ ತಂತಿಯ ಬಾಡಿಗೆ ದುಬಾರಿ. ಅದಕ್ಕಿಂತ ಮುಖ್ಯವಾಗಿ, ಕೀಲಿಮಣೆಯ ಮುಂದೆ ಕುಳಿತ ಮನುಷ್ಯ ಒಂದು ಸಾಲು ಒತ್ತಿ ಬಹಳ ಹೊತ್ತು ಯೋಚಿಸುತ್ತಾನೆ. ಅವನಿಗಾಗಿ ಇಡೀ ತಂತಿಯನ್ನು ಮೀಸಲಿಟ್ಟರೆ ಅದು ಬಹುಪಾಲು ಖಾಲಿಯೇ ಇರುತ್ತದೆ.

ಅಬ್ರಾಮ್ಸನ್ ಮತ್ತು ಸಂಗಡಿಗರು 1971ರಲ್ಲಿ ಓಡಿಸಿದ 'ಅಲೋಹಾನೆಟ್' ಬಹಳ ಸರಳವಾಗಿತ್ತು. ಎಲ್ಲ ದ್ವೀಪಗಳಿಗೂ ಕಳಿಸಲು ಒಂದೇ ರೇಡಿಯೊ ಚಾನೆಲ್. ಹೇಳುವುದಿದ್ದವರು ಯಾರನ್ನೂ ಕೇಳದೆ ಹೇಳಿಬಿಡಬೇಕು. ಕೇಂದ್ರದಲ್ಲಿ 'ಮೆನೆಹೂನೆ' ಎಂಬ ಪುಟ್ಟ ಕಂಪ್ಯೂಟರ್ ಕುಳಿತಿರುತ್ತಿತ್ತು. ಅದು ಹವಾಯಿಯ ಜನಪದ ಕಥೆಗಳಲ್ಲಿ ಬರುವ, ರಾತ್ರೋರಾತ್ರಿ ಕೆಲಸ ಮುಗಿಸುವ ಕುಳ್ಳರ ಹೆಸರು. ಮಾತು ಸರಿಯಾಗಿ ತಲುಪಿದರೆ ಮೆನೆಹೂನೆ 'ಬಂತು' ಎಂದು ತಿರುಗಿ ಹೇಳುತ್ತಿತ್ತು. ಉತ್ತರ ಬರದಿದ್ದರೆ, ಬೇರೆ ಯಾರದೋ ಮಾತಿಗೆ ಡಿಕ್ಕಿಯಾಗಿದೆ ಎಂದು ತಿಳಿದು, ಮನಸ್ಸಿಗೆ ಬಂದಷ್ಟು ಹೊತ್ತು ಕಾದು ಮತ್ತೆ ಹೇಳಬೇಕು. 'ಮನಸ್ಸಿಗೆ ಬಂದಷ್ಟು' ಎಂಬುದರಲ್ಲೇ ಗುಟ್ಟಿದೆ. ಇಬ್ಬರೂ ಒಂದೇ ಅಳತೆಯ ಹೊತ್ತು ಕಾದರೆ ಮತ್ತೆ ಡಿಕ್ಕಿ ತಪ್ಪಿದ್ದಲ್ಲ. ಕಿರಿದಾದ ಬಾಗಿಲಲ್ಲಿ ಎದುರಾದ ಇಬ್ಬರು ಸಂಭಾವಿತರು 'ನೀವು ಮೊದಲು, ನೀವು ಮೊದಲು' ಎಂದು ಒಟ್ಟಿಗೇ ಹೆಜ್ಜೆ ಇಟ್ಟು ಒಟ್ಟಿಗೇ ನಿಲ್ಲುವಂತೆ.

ಈ ಪದ್ಧತಿ ಎಷ್ಟು ಸಮರ್ಥ? ಪಿ.ಯು.ಸಿ. ಗಣಿತದಲ್ಲಿ ಬರುವ 'ಇ' ಎಂಬ ಸಂಖ್ಯೆ, ಸುಮಾರು 2.718, ಇಲ್ಲಿ ಕೆಲಸಕ್ಕೆ ಬರುತ್ತದೆ. ಇದರಲ್ಲಿ ಡಿಕ್ಕಿಯಿಲ್ಲದೆ ತಲುಪುವ ಗರಿಷ್ಠ ಪಾಲು, ಒಂದನ್ನು ಇ-ಯ ಎರಡರಷ್ಟರಿಂದ ಭಾಗಿಸಿದಷ್ಟು; ಅಂದರೆ ಶೇ. 18.4 ಮಾತ್ರ. ಉಳಿದ ಹೊತ್ತು ಖಾಲಿ, ಇಲ್ಲವೇ ಡಿಕ್ಕಿ. 1972ರಲ್ಲಿ ಲಾರೆನ್ಸ್ ರಾಬರ್ಟ್ಸ್ ಒಂದು ತಿದ್ದುಪಡಿ ಸೂಚಿಸಿದರು. ಗಡಿಯಾರದ ಸಮಾನ ತುಂಡುಗಳನ್ನು ಮಾಡಿ, ಪ್ರತಿ ತುಂಡಿನ ಆರಂಭದಲ್ಲಷ್ಟೇ ಬಾಯಿ ತೆರೆಯಬೇಕು. ಅಷ್ಟಕ್ಕೇ ಪಾಲು ಇಮ್ಮಡಿಯಾಯಿತು, ಶೇ. 36.8. ಹೊಸ ಯಂತ್ರವಿಲ್ಲ, ಹೆಚ್ಚು ಶಕ್ತಿಯಿಲ್ಲ, ಬರಿಯ ಶಿಸ್ತಿನಿಂದ ಬಂದ ಲಾಭ ಇದು.

ಮುಂದಿನ ಹೆಜ್ಜೆ ಇಟ್ಟವರಲ್ಲಿ ಮುಖ್ಯರು ಬಾಬ್ ಮೆಟ್ಕಾಫ್. ಅಬ್ರಾಮ್ಸನ್‌ರ ಪ್ರಬಂಧವನ್ನು ಓದಿ, ಅದರಲ್ಲಿ ಕೊರತೆ ಕಂಡು, 1973ರಲ್ಲಿ ಜೆರಾಕ್ಸ್ ಸಂಸ್ಥೆಯ ಪ್ರಯೋಗಶಾಲೆಯಲ್ಲಿ ಅವರು ಈಥರ್‌ನೆಟ್ ರೂಪಿಸಿದರು. ಅದರ ಮೊದಲ ಹೆಸರಿನಲ್ಲಿಯೂ ಅಲೋಹಾ ಇತ್ತು. ಮಾತಾಡುವ ಮುಂಚೆ ಕಿವಿಗೊಡಬೇಕು, ಬೇರೆಯವರು ಮಾತಾಡುತ್ತಿದ್ದರೆ ಸುಮ್ಮನಿರಬೇಕು. ಮಾತಾಡುವಾಗಲೂ ಕೇಳುತ್ತಿರಬೇಕು, ಡಿಕ್ಕಿಯಾದರೆ ತಕ್ಷಣ ನಿಲ್ಲಿಸಬೇಕು. ಹಿರಿಯರ ಮಧ್ಯೆ ಬಾಯಿ ಹಾಕಬೇಡ ಎಂದು ಮಕ್ಕಳಿಗೆ ಹೇಳುವ ಮಾತೇ ತಂತಿಯ ಮೇಲೆ ನಿಯಮವಾಯಿತು.

ತಂತಿಯಲ್ಲಿ ಸಾಧ್ಯವಾದ ಕೊನೆಯ ಭಾಗ ವೈಫೈಗೆ ಸುಲಭವಲ್ಲ. ರೇಡಿಯೊ ತಾನು ಮಾತಾಡುವಾಗ ಅದರ ಸ್ವಂತ ದನಿ ಕಿವಿಗಡಚಿಕ್ಕುತ್ತದೆ. ದೂರದಿಂದ ಬರುವ ಕ್ಷೀಣ ದನಿ ಅದರಲ್ಲಿ ಮುಳುಗಿಹೋಗುತ್ತದೆ. ಡಿಕ್ಕಿಯನ್ನು ಕಂಡುಹಿಡಿಯಲಾರದ್ದರಿಂದ ವೈಫೈ ಅದನ್ನು ತಪ್ಪಿಸಲು ನೋಡುತ್ತದೆ. ಮೊದಲು ಚಾನೆಲ್ ನಿಶ್ಶಬ್ದವಾಗಿದೆಯೇ ಎಂದು ಮೂವತ್ತು-ನಲವತ್ತು ಮೈಕ್ರೊಸೆಕೆಂಡ್ ಆಲಿಸುತ್ತದೆ. ಆಮೇಲೆ ಮನಸ್ಸಿನಲ್ಲೇ ದಾಳ ಹಾಕಿ 0ಯಿಂದ 15ರೊಳಗೆ ಒಂದು ಸಂಖ್ಯೆ ಆರಿಸುತ್ತದೆ. ಒಂಬತ್ತು ಮೈಕ್ರೊಸೆಕೆಂಡಿಗೆ ಒಂದರಂತೆ ಇಳಿಸುತ್ತ ಬಂದು, ಸೊನ್ನೆಯಾದಾಗ ಮಾತಾಡುತ್ತದೆ. ನಡುವೆ ಬೇರೆಯವರು ಶುರು ಮಾಡಿದರೆ ಎಣಿಕೆ ಅಲ್ಲಿಗೇ ನಿಲ್ಲಿಸಿ, ಅವರು ಮುಗಿಸಿದ ಮೇಲೆ ಬಿಟ್ಟಲ್ಲಿಂದ ಮುಂದುವರಿಸುತ್ತದೆ. ಕಾದದ್ದು ವ್ಯರ್ಥವಾಗುವುದಿಲ್ಲ. ಇಷ್ಟಾಗಿಯೂ ಡಿಕ್ಕಿಯಾದರೆ ಮುಂದಿನ ಬಾರಿ 0ಯಿಂದ 31, ಆಮೇಲೆ 63, ಹೀಗೆ 1023ರವರೆಗೆ ಕಾಯುವ ಹೊತ್ತು ಬೆಳೆಯುತ್ತ ಹೋಗುತ್ತದೆ. ಜಗಳವಾದಷ್ಟೂ ಹೆಚ್ಚು ತಾಳ್ಮೆ! ಒಂದೇ ಬೀದಿಯ ನೂರಾರು ಯಂತ್ರಗಳು, ಒಂದರ ಗುರುತು ಇನ್ನೊಂದಕ್ಕಿಲ್ಲದಿದ್ದರೂ, ಸೆಕೆಂಡಿಗೆ ಸಾವಿರಾರು ಸಲ ಈ ಸೌಜನ್ಯ ಪಾಲಿಸುತ್ತವೆ.

ಆದರೆ ಸೌಜನ್ಯಕ್ಕೂ ಒಂದು ಮಿತಿಯಿದೆ. ಕೇಳಿಸಿದವರಿಗೆ ಮಾತ್ರ ದಾರಿ ಬಿಡಬಹುದು. ಕೇಳಿಸದವರಿಗೆ?

ಒಂದು ಮನೆಯನ್ನು ಊಹಿಸಿಕೊಳ್ಳಿ. ಪೆಟ್ಟಿಗೆ ನಡುಮನೆಯಲ್ಲಿದೆ. ಹಿಂದಿನ ಕೋಣೆಯಲ್ಲಿ ಮಗಳು ಪರೀಕ್ಷೆ ಬರೆಯುತ್ತಿದ್ದಾಳೆ. ಮುಂದಿನ ವರಾಂಡದಲ್ಲಿ ಅಜ್ಜಿ ಪರದೇಶದ ಮಗನ ಜೊತೆ ವಿಡಿಯೊದಲ್ಲಿ ಮಾತಾಡುತ್ತಿದ್ದಾರೆ. ಎರಡೂ ಯಂತ್ರಗಳಿಗೆ ನಡುಮನೆಯ ಪೆಟ್ಟಿಗೆ ಕೇಳಿಸುತ್ತದೆ. ಮೂರು ಗೋಡೆಗಳಾಚೆಯ ಪರಸ್ಪರರ ದನಿ ಕೇಳಿಸದು. ಇಬ್ಬರೂ ಆಲಿಸುತ್ತಾರೆ, 'ನಿಶ್ಶಬ್ದವಾಗಿದೆ' ಎಂದುಕೊಳ್ಳುತ್ತಾರೆ, ಒಟ್ಟಿಗೆ ಶುರು ಮಾಡುತ್ತಾರೆ. ನಡುಮನೆಯಲ್ಲಿ ಎರಡೂ ಕಲಸಿ ಗೊಂದಲ. ಇಲ್ಲಿ ತಪ್ಪು ಯಾರದು? ಇಬ್ಬರೂ ನಿಯಮ ಪಾಲಿಸಿದವರೇ. ಲಿಯೊನಾರ್ಡ್ ಕ್ಲೈನ್‌ರಾಕ್ ಮತ್ತು ಫವಾದ್ ತೊಬಾಗಿ 1975ರಲ್ಲೇ ಈ ತೊಡಕನ್ನು ಲೆಕ್ಕ ಹಾಕಿ ತೋರಿಸಿ, 'ಮರೆಯಲ್ಲಿರುವ ಟರ್ಮಿನಲ್' ಎಂದು ಹೆಸರಿಟ್ಟರು. ಇದಕ್ಕೆ ವೈಫೈಯಲ್ಲಿ ಒಂದು ಮದ್ದಿದೆ. ದೊಡ್ಡ ಮಾತಿಗೆ ಮುಂಚೆ 'ಮಾತಾಡಲೇ?' ಎಂದು ಚಿಕ್ಕದಾಗಿ ಕೇಳುವುದು; ಪೆಟ್ಟಿಗೆ 'ಮಾತಾಡು' ಎಂದು ಎಲ್ಲರಿಗೂ ಕೇಳುವಂತೆ ಉತ್ತರಿಸುವುದು. ವರಾಂಡಕ್ಕೆ ಮಗಳ ಪ್ರಶ್ನೆ ಕೇಳಿಸದಿದ್ದರೂ ಪೆಟ್ಟಿಗೆಯ ಉತ್ತರ ಕೇಳಿಸುತ್ತದೆ. ಅಂದರೆ ನಡುವೆ ಇರುವವರು ಇಬ್ಬರ ಪರವಾಗಿಯೂ ದನಿ ಎತ್ತಬೇಕು. ಬರಿಯ ಪರಸ್ಪರ ಮರ್ಯಾದೆ ಸಾಲದು ಎಂಬ ಮೊದಲ ಸೂಚನೆ ಇದು.

ಎರಡನೆಯ ಸೂಚನೆ ಇನ್ನೂ ಸೂಕ್ಷ್ಮವಾದದ್ದು. ಅದು ನ್ಯಾಯದ ಪ್ರಶ್ನೆ. ಕೇರಿಯ ನಲ್ಲಿಯ ಮುಂದೆ ಸಾಲು ನಿಂತಿದೆ. ಸರದಿಗೆ ಒಂದೇ ಕೊಡ. ಯಾರಿಗೂ ರಿಯಾಯಿತಿ ಇಲ್ಲ. ಆದರೆ ಒಬ್ಬರ ಕೊಡದ ಬಾಯಿ ತೀರ ಕಿರಿದು; ನಲ್ಲಿಯನ್ನು ಸಣ್ಣಗೆ ಬಿಟ್ಟು ತುಂಬಿಸಬೇಕು. ಉಳಿದವರು ನಿಮಿಷದಲ್ಲಿ ಮುಗಿಸಿದರೆ ಅವರಿಗೆ ಒಂಬತ್ತು ನಿಮಿಷ. ಸರದಿ ಎಲ್ಲರಿಗೂ ಸಮ, ಹೊತ್ತು ಸಮವೇ?

ವೈಫೈಯಲ್ಲಿ ಆಗುವುದೂ ಇದೇ. ಪೆಟ್ಟಿಗೆಯ ಹತ್ತಿರದ ಯಂತ್ರ ಸೆಕೆಂಡಿಗೆ 54 ಮೆಗಾಬಿಟ್ ವೇಗದಲ್ಲಿ ಮಾತಾಡುತ್ತದೆ ಎನ್ನೋಣ. ಗೋಡೆಗಳಾಚೆಯ ಯಂತ್ರಕ್ಕೆ ದನಿ ಕ್ಷೀಣ. ಅದು ತಡೆತಡೆದು 6 ಮೆಗಾಬಿಟ್ ವೇಗದಲ್ಲಿ ಆಡುತ್ತದೆ. 12,000 ಬಿಟ್‌ಗಳ ಒಂದು ಕಂತಿಗೆ ಮೊದಲನೆಯದಕ್ಕೆ 222 ಮೈಕ್ರೊಸೆಕೆಂಡ್ ಸಾಕು, ಎರಡನೆಯದಕ್ಕೆ 2,000 ಬೇಕು. ಸರದಿ ಒಂದೊಂದೇ ಆದ್ದರಿಂದ ಇಬ್ಬರಿಗೂ ಕೊನೆಗೆ ದಕ್ಕುವುದು, ಇತರ ಖರ್ಚು ಬಿಟ್ಟರೆ, ಸೆಕೆಂಡಿಗೆ 5.4 ಮೆಗಾಬಿಟ್. 54ರ ಯಂತ್ರ 6ರದಕ್ಕಿಂತಲೂ ಕೆಳಗಿಳಿಯಿತು! ಫ್ರಾನ್ಸಿನ ಗ್ರೆನೋಬಲ್‌ನ ಸಂಶೋಧಕರು 2003ರಲ್ಲಿ ಇದನ್ನು ಅಳೆದು ತೋರಿಸಿದರು. ಒಬ್ಬ ನಿಧಾನಸ್ಥನಿಂದ ಇಡೀ ಕೋಣೆ ನಿಧಾನವಾಗುತ್ತದೆ.

ಸರದಿಯ ಬದಲು ಹೊತ್ತನ್ನೇ ಸಮವಾಗಿ ಹಂಚಿದರೆ? ಆಗ ಪ್ರತಿಯೊಬ್ಬರಿಗೂ ಅರ್ಧರ್ಧ ಹೊತ್ತು: ಮೊದಲನೆಯದಕ್ಕೆ 27 ಮೆಗಾಬಿಟ್, ಎರಡನೆಯದಕ್ಕೆ 3. ಇದನ್ನು 'ಏರ್‌ಟೈಮ್ ನ್ಯಾಯ' ಎನ್ನುತ್ತಾರೆ. ಸ್ವೀಡನ್ನಿನ ಕಾರ್ಲ್‌ಸ್ಟಾಡ್ ವಿಶ್ವವಿದ್ಯಾಲಯದ ಸಂಶೋಧಕರು ಮತ್ತು ಅವರ ಜೊತೆಗಾರರು 2017ರಲ್ಲಿ ಇದನ್ನು ಲಿನಕ್ಸ್ ತಂತ್ರಾಂಶದಲ್ಲಿ ಅಳವಡಿಸಿ ಪ್ರಕಟಿಸಿದರು. ಒಟ್ಟು ಕೆಲಸ ಬಹಳ ಹೆಚ್ಚಿತು, ಸರಿ. ಆದರೆ ನಿಧಾನಸ್ಥನ ಪಾಲು 5.4ರಿಂದ 3ಕ್ಕೆ ಇಳಿಯಿತಲ್ಲ? ಅವನು ಹಿಂದಿನ ಕೋಣೆಯಲ್ಲಿ ಪರೀಕ್ಷೆ ಬರೆಯುತ್ತಿರುವ ಹುಡುಗಿಯೇ ಆಗಿದ್ದರೆ?

ಕೆಲವು ಕಡೆ ಇನ್ನೂ ಕಠಿಣ ಮದ್ದು ಮಾಡುತ್ತಾರೆ. ಕಡಿಮೆ ವೇಗದಲ್ಲಿ ಮಾತಾಡುವುದನ್ನೇ ನಿಷೇಧಿಸುತ್ತಾರೆ. ದೂರದಲ್ಲಿರುವವನು ತಂತಾನೇ ಹೊರಬೀಳುತ್ತಾನೆ. ದೊಡ್ಡ ಸಭಾಂಗಣದಲ್ಲಿ, ಹತ್ತಿರದಲ್ಲೇ ಇನ್ನೊಂದು ಪೆಟ್ಟಿಗೆ ಇರುವಾಗ ಇದು ಸರಿಯೇ. ಇಲ್ಲದಿದ್ದರೆ ಹಿಂದಿನ ಬೆಂಚಿನ ಹುಡುಗನಿಗೆ ಕೇಳಿಸುವುದಿಲ್ಲವೆಂದು ಅವನ ಹೆಸರನ್ನೇ ಹಾಜರಿ ಪುಸ್ತಕದಿಂದ ಹೊಡೆದುಹಾಕಿದಂತೆ. ಅವನನ್ನು ಮುಂದಿನ ಬೆಂಚಿಗೆ ಕರೆತರುವುದು ಇನ್ನೊಂದು ದಾರಿ. ವೈಫೈಯಲ್ಲಿ ಇದರರ್ಥ, ಪೆಟ್ಟಿಗೆಯನ್ನು ಅವನ ಹತ್ತಿರ ಒಯ್ಯುವುದು, ಅಥವಾ ಅವನಿಗೊಂದು ತಂತಿ ಎಳೆಯುವುದು. ಅವನ ವೇಗ ಹೆಚ್ಚಿದರೆ ಲಾಭ ಅವನೊಬ್ಬನದೇ ಅಲ್ಲ. ಸಾಲಿನಲ್ಲಿರುವ ಎಲ್ಲರ ಹೊತ್ತೂ ಉಳಿಯುತ್ತದೆ. ಪೋಷಕರೂ ಮೇಷ್ಟರೂ ಯೋಚಿಸಬೇಕಾದ ಲೆಕ್ಕ ಇದು.

ಇಲ್ಲಿಯವರೆಗಿನದು ಒಂದು ಪೆಟ್ಟಿಗೆಯ ಸಂಸಾರ. ವಸತಿ ಸಮುಚ್ಚಯವೊಂದರಲ್ಲಿ ಇಪ್ಪತ್ತು ಪೆಟ್ಟಿಗೆಗಳ ದನಿ ಒಂದೇ ಕೋಣೆಗೆ ಕೇಳಿಸುವುದು ಅಪರೂಪವಲ್ಲ. ಪ್ರತಿ ಪೆಟ್ಟಿಗೆಯೂ, ಯಾರೂ ಬಳಸದಿದ್ದಾಗಲೂ, ಸೆಕೆಂಡಿಗೆ ಸುಮಾರು ಹತ್ತು ಸಲ ತನ್ನ ಹೆಸರು ಕೂಗುತ್ತಲೇ ಇರುತ್ತದೆ. 250 ಬೈಟ್‌ನ ಈ ಕೂಗನ್ನು ಹಳೆಯ ಪದ್ಧತಿಯ ಸೆಕೆಂಡಿಗೆ ಒಂದು ಮೆಗಾಬಿಟ್ ವೇಗದಲ್ಲಿ ಕೂಗಿದರೆ ಒಂದಕ್ಕೆ ಎರಡು ಮಿಲಿಸೆಕೆಂಡ್. ಇಪ್ಪತ್ತು ಪೆಟ್ಟಿಗೆಗಳು ಒಂದೇ ಚಾನೆಲಿನಲ್ಲಿದ್ದರೆ ಸೆಕೆಂಡಿನ ಹತ್ತಿರ ಹತ್ತಿರ ಶೇ. 40ರಷ್ಟು ಹೊತ್ತು ಹೆಸರು ಕೂಗುವುದರಲ್ಲೇ ಮುಗಿಯಿತು. ಸಂತೆಯಲ್ಲಿ ವ್ಯಾಪಾರಕ್ಕಿಂತ ಕೂಗೇ ಹೆಚ್ಚಾದಂತೆ.

ಇಂಥಲ್ಲಿ ನಾಲ್ಕು ಕೋಡಿನ ಹೊಸ ಪೆಟ್ಟಿಗೆ ಬಂದು ಗರಿಷ್ಠ ಶಕ್ತಿಯಲ್ಲಿ ಕೂಗತೊಡಗಿದರೆ ಏನಾಗುತ್ತದೆ? ಮೊದಲು ಐದು ಮನೆಗಳಿಗೆ ಕೇಳಿಸುತ್ತಿದ್ದದ್ದು ಹತ್ತು ಮನೆಗಳಿಗೆ ಕೇಳಿಸುತ್ತದೆ. ಮರ್ಯಾದಸ್ಥ ಯಂತ್ರಗಳಾದ್ದರಿಂದ ಆ ಹತ್ತೂ ಸುಮ್ಮನಿದ್ದು ಕಾಯುತ್ತವೆ. ಆ ಮನೆಯವರಿಗೂ ಲಾಭ ಅಷ್ಟಕ್ಕಷ್ಟೇ. ಪೆಟ್ಟಿಗೆಯ ದನಿ ಮೊಬೈಲಿಗೆ ಚೆನ್ನಾಗಿ ಕೇಳಿಸುತ್ತದೆ, ಪರದೆಯ ಮೇಲೆ ಎಲ್ಲ ಗೆರೆಗಳೂ ತುಂಬಿರುತ್ತವೆ. ಆದರೆ ಪುಟ್ಟ ಬ್ಯಾಟರಿಯ ಮೊಬೈಲಿನ ದನಿ ಪೆಟ್ಟಿಗೆಗೆ ಮೊದಲಿನಷ್ಟೇ ಕ್ಷೀಣ. ಮಾತುಕತೆ ಎಂದರೆ ಎರಡೂ ಕಡೆಯದು ತಾನೆ? ಮೇಲಿನ ಮಹಡಿಯವರು ಇದನ್ನು ಕಂಡು ಆರು ಕೋಡಿನದನ್ನು ತಂದರೆ ಕತೆ ಮುಗಿದಂತೆಯೇ.

ಇನ್ನೊಂದು ವಿಚಿತ್ರವಿದೆ. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಭಾರತದಲ್ಲಿ ಹದಿಮೂರು ಚಾನೆಲ್‌ಗಳ ಲೆಕ್ಕವಿದೆ. ಆದರೆ ಅವುಗಳ ನಡುವಿನ ಅಂತರ ತಲಾ 5 ಮೆಗಾಹರ್ಟ್ಸ್. ಒಂದೊಂದರ ಅಗಲ 20. ಹಂಚಿನ ಮೇಲೆ ಹಂಚು ಹೊದಿಸಿದಂತೆ ಒಂದರ ಮೇಲೊಂದು ಕುಳಿತಿವೆ. ಒಂದಕ್ಕೊಂದು ತಾಗದಂತೆ ಬಳಕೆಯಲ್ಲಿರುವವು ಮೂರೇ: 1, 6 ಮತ್ತು 11. ಅಲ್ಲೆಲ್ಲ ಜನಜಂಗುಳಿ ಎಂದು ಯಾರೋ ಜಾಣತನದಿಂದ 3ನೇ ಚಾನೆಲ್ ಹಿಡಿದರೆ 1ಕ್ಕೂ ತೊಂದರೆ, 6ಕ್ಕೂ ತೊಂದರೆ. ಒಂದೇ ಚಾನೆಲಿನಲ್ಲಿರುವ ಪೆಟ್ಟಿಗೆಗಳಿಗೆ ಪರಸ್ಪರರ ಮಾತು ಅರ್ಥವಾಗುತ್ತದೆ. 'ಅವರು ಇಷ್ಟು ಹೊತ್ತು ಮಾತಾಡುತ್ತಾರೆ' ಎಂದು ತಿಳಿದು ಸರದಿ ಕಾಯುತ್ತವೆ. ಅರ್ಧಂಬರ್ಧ ಪಕ್ಕದಲ್ಲಿರುವವನ ಮಾತು ಬರಿಯ ಗದ್ದಲವಾಗಿ ಬಡಿಯುತ್ತದೆ. ಜಗಲಿ ಹಂಚಿಕೊಂಡ ನೆರೆಯವನೊಡನೆ ಹೊಂದಿಕೊಳ್ಳಬಹುದು; ಗೋಡೆಯಾಚೆಯಿಂದ ಮಸುಕಾಗಿ ಜಗಳ ಕೇಳಿಸುವವನ ಜೊತೆ ಕಷ್ಟ.

ಹಾಗಾದರೆ ಪೆಟ್ಟಿಗೆ ಪೆಟ್ಟಿಗೆಗಳ ನಡುವೆ ಸರದಿ ಹೇಳುವವರು ಯಾರೂ ಇಲ್ಲವೆ? ಹಳೇ ಮೈಸೂರು ಸೀಮೆಯ ಕೆರೆಗಳಿಗೆ ಒಬ್ಬ ನೀರುಗಂಟಿ ಇರುತ್ತಿದ್ದ. ತೂಬು ಎತ್ತುವುದು, ಕಾಲುವೆ ತಿರುಗಿಸುವುದು, ಯಾವ ಗದ್ದೆಗೆ ಯಾವಾಗ, ಎಷ್ಟು ಹೊತ್ತು ನೀರು ಎಂದು ನೋಡಿಕೊಳ್ಳುವುದು ಅವನ ಕೆಲಸ. ಸುಗ್ಗಿಯಲ್ಲಿ ಅವನಿಗೆ ಕಾಳಿನ ಪಾಲು. ತೂಬಿನ ಪಕ್ಕದ ಗದ್ದೆಯವನು ಸದಾ ನೀರು ಹಿಡಿದರೆ ಅಚ್ಚುಕಟ್ಟಿನ ಕೊನೆಯ ಗದ್ದೆ ಒಣಗುತ್ತದೆ. ಅದನ್ನು ತಪ್ಪಿಸಲು ರೈತರ ಸೌಜನ್ಯವನ್ನಷ್ಟೇ ನಂಬದೆ, ಊರು ಒಬ್ಬನ ಕೈಗೆ ಗುದ್ದಲಿ ಕೊಟ್ಟಿತ್ತು.

ದೊಡ್ಡ ಕಾಲೇಜು, ಆಸ್ಪತ್ರೆಗಳಲ್ಲಿ ಅಂಥ ನೀರುಗಂಟಿ ಈಗಾಗಲೇ ಇದ್ದಾನೆ. ನೂರಾರು ಪೆಟ್ಟಿಗೆಗಳನ್ನು ಒಂದು ನಿಯಂತ್ರಕ ನೋಡಿಕೊಳ್ಳುತ್ತದೆ. ಪಕ್ಕಪಕ್ಕದವುಗಳಿಗೆ ಬೇರೆ ಬೇರೆ ಚಾನೆಲ್ ಕೊಡುತ್ತದೆ, ಶಕ್ತಿ ತಗ್ಗಿಸುತ್ತದೆ, ಒಂದರಲ್ಲಿ ಜನ ಹೆಚ್ಚಾದರೆ ಇನ್ನೊಂದಕ್ಕೆ ಸಾಗಹಾಕುತ್ತದೆ. ಆದರೂ ಕ್ಷಣಕ್ಷಣದ ಸರದಿ ಹಳೆಯ ದಾಳದಾಟವೇ. 2021ರಲ್ಲಿ ಅಂಗೀಕಾರವಾದ, ವೈಫೈ 6 ಎಂದು ಹೆಸರಾದ ಮಾನಕ ಒಂದು ಹೆಜ್ಜೆ ಮುಂದೆ ಹೋಯಿತು. ಪ್ರತಿ ಪೆಟ್ಟಿಗೆಯ ಮಾತಿಗೂ 1ರಿಂದ 63ರೊಳಗಿನ ಒಂದು 'ಬಣ್ಣ'ದ ಗುರುತು. ಕೇಳಿಸಿದ್ದು ಬೇರೆ ಬಣ್ಣದ ದೂರದ ದನಿಯಾದರೆ, ನಿಯಮದ ಮಿತಿಯಲ್ಲಿ ತನ್ನ ದನಿ ತಗ್ಗಿಸಿ ಜೊತೆಯಲ್ಲೇ ಮಾತಾಡಬಹುದು. ಅಲ್ಲದೆ ಒಂದು ಸರದಿಯನ್ನೇ ತುಂಡುಮಾಡಿ ತನ್ನ ಹಲವು ಮೊಬೈಲುಗಳಿಗೆ ಏಕಕಾಲದಲ್ಲಿ ಹಂಚಬಹುದು.

ಈಗ ತಯಾರಾಗುತ್ತಿರುವುದು ವೈಫೈ 8. ಅದರ ಮಾನಕ 2028ರ ಹೊತ್ತಿಗೆ ಪೂರ್ಣವಾಗಬಹುದೆಂಬ ನಿರೀಕ್ಷೆಯಿದೆ. ವೇಗ ಏರಿಸುವುದಕ್ಕಿಂತ ನಂಬಿಕೆಗೆ ಅರ್ಹವಾಗುವುದೇ ಅದರ ಗುರಿ. ಅದರ ಮುಖ್ಯ ಸಂಗತಿಗಳಲ್ಲಿ ಒಂದು, ಪೆಟ್ಟಿಗೆ ಪೆಟ್ಟಿಗೆಗಳ ನಡುವಿನ ಒಪ್ಪಂದ. ದಾಳದಲ್ಲಿ ಗೆದ್ದು ಸರದಿ ಪಡೆದ ಪೆಟ್ಟಿಗೆ, ತನಗೆ ಬೇಕಾದಷ್ಟು ಹೊತ್ತು ಬಳಸಿ, ಉಳಿದದ್ದನ್ನು 'ನೀನು ಬಳಸಿಕೋ' ಎಂದು ನೆರೆಯ ಪೆಟ್ಟಿಗೆಗೆ ಬಿಟ್ಟುಕೊಡುತ್ತದೆ. ಅಥವಾ 'ನೀನು ಇಷ್ಟು ಮೆಲ್ಲಗೆ ಮಾತಾಡಿದರೆ ಇಬ್ಬರೂ ಒಟ್ಟಿಗೆ ಮುಗಿಸೋಣ' ಎಂದು ದನಿಯ ಮಟ್ಟ ಗೊತ್ತುಮಾಡುತ್ತದೆ. ಹೊರಗಿನ ನೀರುಗಂಟಿಯ ಬದಲು, ಆ ಕ್ಷಣಕ್ಕೆ ಗೆದ್ದವನೇ ನೀರುಗಂಟಿಯಾಗುವ ಏರ್ಪಾಡು.

ಒಂದೇ ಕಾಲೇಜಿನ, ಒಬ್ಬನೇ ಯಜಮಾನನ ಪೆಟ್ಟಿಗೆಗಳ ನಡುವೆ ಇದು ಕಷ್ಟವಲ್ಲ. ಬೇರೆ ಬೇರೆ ಮನೆಗಳ, ಬೇರೆ ಬೇರೆ ಕಂಪನಿಗಳ ಪೆಟ್ಟಿಗೆಗಳು ಪರಸ್ಪರ ನಂಬಿ ಹೊತ್ತು ಬಿಟ್ಟುಕೊಡುವುದು ಬೇರೆಯದೇ ವಿಷಯ. ಬಿಟ್ಟುಕೊಟ್ಟವನಿಗೆ ನಾಳೆ ತಿರುಗಿ ಸಿಗುತ್ತದೆಂಬ ಖಾತ್ರಿ ಏನು? ಮಾನಕ ಒಂದು ಭಾಷೆ ಕೊಡಬಹುದು. ಕೊಡುವ ಮನಸ್ಸು ಮಾನಕದಿಂದ ಬರುವುದಿಲ್ಲ.

2028ರವರೆಗೆ ಕಾಯಲಾಗದ ಮನೆಗಳಿಗೆ ಈಗಲೇ ಮಾಡಬಹುದಾದದ್ದು ಸಾಕಷ್ಟಿದೆ. ಕದಲದೆ ಕುಳಿತಿರುವ ಟಿ.ವಿ., ಮೇಜಿನ ಕಂಪ್ಯೂಟರ್‌ಗಳಿಗೆ ತಂತಿ ಎಳೆದರೆ ಗಾಳಿಯ ಹೊತ್ತು ಓಡಾಡುವವರಿಗೆ ಉಳಿಯುತ್ತದೆ. ಪರೀಕ್ಷೆಯ ದಿನ ಹತ್ತು ಮೀಟರ್ ತಂತಿಗಿಂತ ನಂಬಿಕಸ್ಥ ಗೆಳೆಯ ಇಲ್ಲ. ಪೆಟ್ಟಿಗೆಯನ್ನು ಬೀರುವಿನ ಒಳಗೋ ನೆಲದ ಮೂಲೆಯಲ್ಲೋ ಇಡದೆ, ಮನೆಯ ನಡುವೆ ಎತ್ತರದಲ್ಲಿಡಬೇಕು. ಹೊಸ ಮೊಬೈಲುಗಳನ್ನು 5 ಗಿಗಾಹರ್ಟ್ಸ್‌ಗೆ ಸೇರಿಸಬೇಕು. ಅದು ಗೋಡೆ ದಾಟುವುದರಲ್ಲಿ ಸೋಮಾರಿ, ಆ ಸೋಮಾರಿತನದಿಂದಲೇ ನೆರೆಮನೆಯ ಕಾಟವೂ ಕಡಿಮೆ. 2.4ರಲ್ಲಿ 20 ಮೆಗಾಹರ್ಟ್ಸ್ ಅಗಲ ಇಟ್ಟು 1, 6, 11ರಲ್ಲಿ ಒಂದನ್ನು ಹಿಡಿಯಬೇಕು. ಸಣ್ಣ ಮನೆಯಲ್ಲಿ ಶಕ್ತಿಯನ್ನು ಮಧ್ಯಮಕ್ಕೆ ಇಳಿಸಬೇಕು. 'ಅತಿಥಿ'ಗಳಿಗೆಂದು ತೆರೆದಿಟ್ಟ ಹೆಚ್ಚುವರಿ ಹೆಸರುಗಳನ್ನು ಬೇಡದಾಗ ಮುಚ್ಚಬೇಕು. ಅದೇ ಚಾನೆಲಿನಲ್ಲಿ ಮಾತು ದಾಟಿಸುವ ಅಗ್ಗದ ರಿಪೀಟರ್, ಪ್ರತಿ ಮಾತನ್ನೂ ಎರಡು ಸಲ ಆಡಿ ಹೊತ್ತನ್ನು ಇಮ್ಮಡಿ ಖರ್ಚು ಮಾಡುತ್ತದೆ ಎಂಬುದು ನೆನಪಿರಲಿ. ನೀರಿನ ಟ್ಯಾಂಕರು, ಕಾರು ನಿಲ್ಲಿಸುವ ಜಾಗಗಳ ಬಗ್ಗೆ ಗಂಟೆಗಟ್ಟಲೆ ಚರ್ಚಿಸುವ ನಿವಾಸಿಗಳ ಸಂಘ, ಯಾವ ಮಹಡಿಗೆ ಯಾವ ಚಾನೆಲ್ ಎಂದು ಒಂದು ಹಾಳೆಯಲ್ಲಿ ಬರೆದು ಅಂಟಿಸಿದರೆ, ಖರ್ಚಿಲ್ಲದೆ ಒಬ್ಬ ನೀರುಗಂಟಿ ಸಿಕ್ಕಂತೆ. ಇದನ್ನು ಅಳೆದು ಪಟ್ಟಿ ಮಾಡುವ ಕೆಲಸವನ್ನು ಅಲ್ಲಿನ ವಿದ್ಯಾರ್ಥಿಗಳಿಗೇ ವಹಿಸಬಹುದು. ಮೊಬೈಲಿಗೆ ಉಚಿತವಾಗಿ ಸಿಗುವ ತಂತ್ರಾಂಶವೊಂದು ಸಾಕು. ವಿಜ್ಞಾನ ಪ್ರದರ್ಶನಕ್ಕೊಂದು ಒಳ್ಳೆಯ ಯೋಜನೆಯೂ ಆದೀತು.

ನಾರ್ಮನ್ ಅಬ್ರಾಮ್ಸನ್ ತೀರಿಕೊಂಡದ್ದು 2020ರ ಡಿಸೆಂಬರಿನಲ್ಲಿ, ತಮ್ಮ 88ನೇ ವಯಸ್ಸಿನಲ್ಲಿ. ಆ ವರ್ಷ ಶಾಲೆಗಳು ಮುಚ್ಚಿ, ಲೋಕದ ಎಷ್ಟೋ ಮಕ್ಕಳು ಮನೆಯ ಮೂಲೆಗಳಲ್ಲಿ ಕುಳಿತು ಗಾಳಿಯಲ್ಲಿ ತೇಲಿ ಬರುತ್ತಿದ್ದ ಪಾಠ ಕೇಳುತ್ತಿದ್ದರು. ಒಂದು ಪುಟ್ಟ ಚಾನೆಲನ್ನು ನಾಲ್ಕಾರು ದ್ವೀಪದವರು ಜಗಳವಿಲ್ಲದೆ ಹಂಚಿಕೊಳ್ಳುವುದು ಹೇಗೆ ಎಂಬ ಅವರ ಪ್ರಶ್ನೆ, ಅಷ್ಟು ಹೊತ್ತಿಗೆ ಮನೆಮನೆಯ ಪ್ರಶ್ನೆಯಾಗಿತ್ತು. ಈಗಿನ ಮನೆಗಳೂ ಒಂದು ರೀತಿಯಲ್ಲಿ ದ್ವೀಪಗಳೇ; ನಡುವೆ ಕಡಲಿಲ್ಲ, ಒಂದು ಗೋಡೆಯಿದೆ. ಆ ಗೋಡೆಯಾಚೆ ಇನ್ನೊಂದು ಮಗು ತನ್ನ ಪರೀಕ್ಷೆಗೆ ಕುಳಿತಿರಬಹುದು. ಪೆಟ್ಟಿಗೆಯ ಶಕ್ತಿ ಏರಿಸುವ ಮುಂಚೆ ಪಕ್ಕದ ಮನೆಯ ಬಾಗಿಲು ತಟ್ಟಿ, 'ನಿಮ್ಮದು ಯಾವ ಚಾನೆಲ್?' ಎಂದು ಕೇಳಿದರೆ ಇಬ್ಬರ ಪಾಠವೂ ನಡೆಯುತ್ತದೆ.